ಸೂಜಿ ಚುಚ್ಚುವ ಮೊದಲು ನಾನು ಏನು ನೋಡುತ್ತೇನೆ: ನಡ ನೋವು, ಮೊಳಕಾಲು ನೋವು, ನನ್ನ ಅನುಭವ

ಅಕ್ಕಲಕೋಟೆ ಕಡೆ ಬಿಳಿಜೋಳದ ಸುಗ್ಗಿ ಶುರುವಾಯಿತು ಅಂದರೆ ನನ್ನ ಕ್ಲಿನಿಕ್ಕಿನಲ್ಲಿ ಕೂರಲು ಜಾಗ ಇರುವುದಿಲ್ಲ. ನಮ್ಮಲ್ಲಿ ಹಿಂಗಾರಿ ಜೋಳವನ್ನು ಎಷ್ಟೋ ಹೊಲಗಳಲ್ಲಿ ಇನ್ನೂ ಬೇರು ಸಮೇತ ಕೈಯಿಂದಲೇ ಕೀಳುತ್ತಾರೆ. ಕರಿಮಣ್ಣು ಒಣಗಿ ಬಿಗಿದುಕೊಂಡಿರುತ್ತದೆ. ಬಗ್ಗಬೇಕು, ದಂಟು ಹಿಡಿದು ಎಳೆಯಬೇಕು, ಮಣ್ಣು ಕೊಡವಿ ಪಕ್ಕಕ್ಕೆ ಹಾಕಬೇಕು, ಮತ್ತೆ ಬಗ್ಗಬೇಕು, ಬಿಸಿಲು ನೆತ್ತಿಗೆ ಬರುವವರೆಗೆ ಇದೇ ಕೆಲಸ. ಆಮೇಲೆ ಸಿವುಡು ಕಟ್ಟುವುದು, ಹೊರುವುದು. ಮನೆಗೆ ಬಂದ ಹೆಂಗಸರು ಮತ್ತೆ ಒಲೆ ಮುಂದೆ ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಾರೆ. ಇಷ್ಟೆಲ್ಲ ಆದ ಮೇಲೆ ಒಂದು ದಿನ "ಡಾಕ್ಟರ್ರ, ನಡ ಹಿಡದದ್ರಿ, ಏಳಾಕ ಆಗವಲ್ದು" ಅಂತ ಬರುತ್ತಾರೆ.

ನಾನು ಫಿಸಿಯೋಥೆರಪಿಸ್ಟ್. ಆಮೇಲೆ ಅಕ್ಯುಪಂಕ್ಚರ್, ಅಂದರೆ ಸೂಜಿ ಚುಚ್ಚುವ ಚೀನೀ ಚಿಕಿತ್ಸೆ, ಕಲಿತು ಅದರ ನೋಂದಣಿಯನ್ನೂ ಮಾಡಿಸಿಕೊಂಡೆ. ಈಗ ಎರಡನ್ನೂ ಒಟ್ಟಿಗೆ ಬಳಸುತ್ತೇನೆ. ಸೂಜಿ ಒಂದರಿಂದಲೇ ನಡ ನೋವು ಹೋಗುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ. ಸೂಜಿ ನೋವನ್ನು ಸ್ವಲ್ಪ ತಗ್ಗಿಸುತ್ತದೆ. ಆ ತಗ್ಗಿದ ಹೊತ್ತಿನಲ್ಲಿ ಮನುಷ್ಯನನ್ನು ಎಬ್ಬಿಸಿ ನಡೆಸಬೇಕು, ವ್ಯಾಯಾಮ ಕಲಿಸಬೇಕು, ಕೆಲಸದ ರೀತಿ ಬದಲಿಸಬೇಕು. ನನ್ನ ಚಿಕಿತ್ಸೆ ಅಂದರೆ ಇಷ್ಟೇ, ಆದರೆ ಈ ಇಷ್ಟರಲ್ಲೇ ಬಹಳ ಇದೆ.

ಮೊದಲು ಕಾಗದಗಳ ವಿಷಯ. ನಮ್ಮ ಜನ ಎಂಆರ್‌ಐ ಫಿಲ್ಮ್ ಇರುವ ದೊಡ್ಡ ಚೀಲ ಹಿಡಿದುಕೊಂಡೇ ಬರುತ್ತಾರೆ. "ಗಾದಿ ಸರದದ ಅಂದಾರ್ರಿ", "ಮಣಕಾದಾಗ ಗ್ಯಾಪ್ ಬಂದದ ಅಂದಾರ್ರಿ". ಈ ಮಾತು ಕೇಳಿದ ದಿನದಿಂದ ಅವರು ಬಗ್ಗುವುದನ್ನೇ ಬಿಟ್ಟಿರುತ್ತಾರೆ, ಕೊಡ ಎತ್ತುವುದಿಲ್ಲ, ಮಗಳ ಮನೆಗೆ ಹೋಗಲು ಬಸ್ ಹತ್ತುವುದಿಲ್ಲ. ನೋವಿಗಿಂತ ಹೆದರಿಕೆಯೇ ಅವರನ್ನು ಜಾಸ್ತಿ ಮಲಗಿಸಿರುತ್ತದೆ. ಅವರಿಗೆ ನಾನು ಒಂದು ವಿಷಯ ಹೇಳುತ್ತೇನೆ. 2015ರಲ್ಲಿ ಬಂದ ಒಂದು ದೊಡ್ಡ ವಿಮರ್ಶೆಯಲ್ಲಿ, ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ್ದರು. 20 ವರ್ಷದವರಲ್ಲೇ 100ಕ್ಕೆ 37 ಜನರ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಗಾದಿ, ಸವೆದಿತ್ತು, 50 ವರ್ಷದವರಲ್ಲಿ 80 ಜನರದ್ದು. 50ರ ವಯಸ್ಸಿನಲ್ಲಿ 60 ಜನರ ಡಿಸ್ಕ್ ಉಬ್ಬಿತ್ತು. ಇವರಿಗೆಲ್ಲ ನೋವು ಅಂದರೆ ಏನೂ ಇರಲಿಲ್ಲ. ಅಂದರೆ ಫಿಲ್ಮಿನಲ್ಲಿ ಕಾಣುವ ಸವೆತ ಎಷ್ಟೋ ಸಲ ತಲೆಗೂದಲು ಬೆಳ್ಳಗಾದ ಹಾಗೆ, ವಯಸ್ಸಿನದು. ಅದೇ ನೋವಿಗೆ ಕಾರಣ ಅಂತ ಹೇಳಲು ಮೈ ಮುಟ್ಟಿ ನೋಡಬೇಕು. ಇನ್ನೊಂದು ಮಾತು, ನಿಜವಾಗಿಯೂ ಡಿಸ್ಕ್ ಹೊರಗೆ ಚಾಚಿಕೊಂಡಿದ್ದರೂ ಆ ಚಾಚಿದ ಭಾಗವನ್ನು ಎಷ್ಟೋ ಜನರಲ್ಲಿ ದೇಹವೇ ಕೆಲವು ತಿಂಗಳಲ್ಲಿ ಕರಗಿಸಿಕೊಳ್ಳುತ್ತದೆ. ಯಾರೋ ಬೆನ್ನ ಮೇಲೆ ಕಾಲಿಟ್ಟು ಅದನ್ನು ಒಳಗೆ ತಳ್ಳಬೇಕಾಗಿಲ್ಲ. ದಯವಿಟ್ಟು ತುಳಿಸಿಕೊಳ್ಳಬೇಡಿ.

ಹಾಗಂತ ಎಲ್ಲ ನಡ ನೋವೂ ಸುಮ್ನೆ ಹೋಗುವುದಲ್ಲ. ಸೂಜಿ ಡಬ್ಬಿ ತೆಗೆಯುವ ಮೊದಲು ನಾನು ಕೇಳುವ ಪ್ರಶ್ನೆಗಳಿವೆ, ಇವನ್ನು ನೀವೂ ನೆನಪಿಟ್ಟುಕೊಳ್ಳಿ. ಮೂತ್ರ ಬರುವುದು ಗೊತ್ತಾಗುತ್ತಿಲ್ಲವೇ, ಕಟ್ಟಿಕೊಂಡಿದೆಯೇ? ತೊಡೆಸಂದಿ, ಕೂರುವ ಜಾಗ ಜೋಮು ಹಿಡಿದಿದೆಯೇ? ನಡೆಯುವಾಗ ಪಾದ ಜೋತುಬಿದ್ದು ಚಪ್ಪಲಿ ಕಳಚುತ್ತಿದೆಯೇ? ಇದರಲ್ಲಿ ಒಂದಕ್ಕೆ ಹೌದು ಅಂದರೂ ಅವತ್ತೇ ಸೊಲ್ಲಾಪುರಕ್ಕೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ, ನಾಳೆ ನೋಡೋಣ ಅನ್ನುವ ಮಾತೇ ಇಲ್ಲ. ನರದ ಗೊಂಚಲು ಒತ್ತಿಕೊಂಡಿದ್ದರೆ ತಡವಾದಷ್ಟೂ ಹೋದದ್ದು ಮರಳಿ ಬರುವುದಿಲ್ಲ. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಟಿಬಿ ನೆನಪಿಗೆ ಬರಬೇಕು, ನಮ್ಮ ದೇಶದಲ್ಲಿ ಅದನ್ನು ಮರೆಯುವ ಹಾಗೇ ಇಲ್ಲ. ಹಿಂದೆ ಕ್ಯಾನ್ಸರ್ ಆಗಿದ್ದವರು, ವಯಸ್ಸಾದ ಅವ್ವಂದಿರು ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ನೋವು ಅನ್ನುವವರು, ಇವರನ್ನೂ ಮೊದಲು ತಪಾಸಣೆಗೇ ಕಳಿಸುತ್ತೇನೆ.

ಇನ್ನೊಂದು ಗುಂಪು ಇದೆ, ಹುಡುಗರು. ಇಪ್ಪತ್ತು-ಮೂವತ್ತು ವಯಸ್ಸು, ಬೆಳಿಗ್ಗೆ ಎದ್ದಾಗ ಬೆನ್ನು ಕೊರಡಿನಂತಿರುತ್ತದೆ, ಓಡಾಡಿದರೆ ಸಡಿಲವಾಗುತ್ತದೆ, ಸುಮ್ಮನೆ ಮಲಗಿದರೆ ಜಾಸ್ತಿಯಾಗುತ್ತದೆ, ರಾತ್ರಿ ಎರಡು-ಮೂರು ಗಂಟೆಗೆ ನೋವಿಗೆ ಎಚ್ಚರವಾಗುತ್ತದೆ. ಕೆಲಸ ಮಾಡಿ ಬಂದ ನೋವು ಇದಕ್ಕೆ ಉಲ್ಟಾ ಇರುತ್ತದೆ. ಇಂಥವರಿಗೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಉರಿಯೂತದ ವಾತ, ಇರಬಹುದು, ರುಮಟಾಲಜಿಸ್ಟ್ (ಸಂಧಿವಾತದ ತಜ್ಞರು) ಹತ್ತಿರ ಹೋಗಬೇಕು. ಹಾಗೆಯೇ ಎರಡೂ ಕೈಬೆರಳ ಸಂದು ಊದಿಕೊಂಡು, ಬೆಳಿಗ್ಗೆ ಗಂಟೆಗಟ್ಟಲೆ ಮುಷ್ಟಿ ಕಟ್ಟಲು ಆಗದಿದ್ದರೆ ಅದು ಆಮವಾತ ಇರಬಹುದು. ಔಷಧಿ ಬೇಗ ಶುರುವಾದರೆ ಬೆರಳು ಸೊಟ್ಟಾಗುವುದು ತಪ್ಪುತ್ತದೆ. ಅಲ್ಲಿ ಸೂಜಿಗೆ ಕೂತು ತಿಂಗಳು ಕಳೆಯುವುದು ಅನ್ಯಾಯ.

ಇಷ್ಟಾದ ಮೇಲೆ ಮಂಚದ ಮೇಲೆ ಮಲಗಿಸಿ ನೋಡುತ್ತೇನೆ. ಅಂಗಾತ ಮಲಗಿಸಿ, ಮೊಳಕಾಲು ಮಡಚದೆ ಕಾಲನ್ನು ನಿಧಾನ ಮೇಲೆತ್ತುತ್ತೇನೆ. 30ರಿಂದ 70 ಡಿಗ್ರಿ ಒಳಗೆ ತೊಡೆಯ ಹಿಂಭಾಗ, ಮೀನಖಂಡ ದಾಟಿ ಪಾದದವರೆಗೆ ಕರೆಂಟ್ ಹೊಡೆದ ಹಾಗೆ ಆದರೆ ನರ ಒತ್ತಿಕೊಂಡಿರುವ ಲಕ್ಷಣ. ಬರೀ ತೊಡೆ ಎಳೆದ ಹಾಗಾದರೆ ಅದು ಸ್ನಾಯು ಬಿಗಿ ಅಷ್ಟೇ. ಆಮೇಲೆ ಹಿಮ್ಮಡಿ ಮೇಲೆ ನಡೆಯಲು ಹೇಳುತ್ತೇನೆ, ತುದಿಗಾಲಲ್ಲಿ ನಡೆಯಲು ಹೇಳುತ್ತೇನೆ. ಹೆಬ್ಬೆರಳ ಕಡೆ ಜೋಮು ಇದ್ದರೆ ಸಾಮಾನ್ಯವಾಗಿ ಎಲ್5 ನರ, ಕಿರುಬೆರಳ ಕಡೆ ಇದ್ದರೆ ಎಸ್1, ಎರಡೂ ಸೊಂಟದಿಂದ ಕಾಲಿಗೆ ಇಳಿಯುವ ನರಗಳು. ಈ ಪರೀಕ್ಷೆಗಳಿಗೆ ಯಾವ ಯಂತ್ರವೂ ಬೇಡ. ಫಿಲ್ಮ್ ಹೇಳುವುದೂ ಕಾಲು ಹೇಳುವುದೂ ಹೊಂದಿದರೆ ಮಾತ್ರ ಆ ಫಿಲ್ಮಿಗೆ ಅರ್ಥ.

ಈಗ ಸೂಜಿ. ಸೊಲ್ಲಾಪುರ ಜಿಲ್ಲೆಯವರು ಅಕ್ಯುಪಂಕ್ಚರ್ ಮಾತು ಬಂದಾಗ ಡಾ. ದ್ವಾರಕಾನಾಥ ಕೋಟ್ನಿಸರನ್ನು ನೆನೆಯುತ್ತಾರೆ. ಅವರು ಸೊಲ್ಲಾಪುರದಲ್ಲೇ 1910ರಲ್ಲಿ ಹುಟ್ಟಿದವರು, 1938ರಲ್ಲಿ ಭಾರತದಿಂದ ಚೀನಾಕ್ಕೆ ಹೋದ ಐವರು ವೈದ್ಯರಲ್ಲಿ ಒಬ್ಬರು, 1942ರಲ್ಲಿ ಅಲ್ಲೇ ತೀರಿಕೊಂಡರು. ಅವರು ಯುದ್ಧಭೂಮಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದವರು. ಸೂಜಿ ವಿದ್ಯೆಯನ್ನು ಕಲಿತು ಭಾರತಕ್ಕೆ ತಂದವರು ಅದೇ ತಂಡದಲ್ಲಿದ್ದ ಡಾ. ಬಿಜೊಯ್ ಕುಮಾರ್ ಬಸು, 1950ರ ದಶಕದ ಕೊನೆಯಲ್ಲಿ, ಕೋಲ್ಕತ್ತಾದಲ್ಲಿ. ನಮ್ಮ ಊರಿನವರ ಜೊತೆ ದುಡಿದ ಒಬ್ಬರ ಕೈಯಿಂದ ಇದು ಬಂತು ಅನ್ನುವುದು ನನಗೆ ಖುಷಿಯ ವಿಷಯ.

ನಾನು ಬಳಸುವ ಸೂಜಿ ಕಾಲು ಮಿಲಿಮೀಟರ್ ದಪ್ಪ, ಇಂಜೆಕ್ಷನ್ ಸೂಜಿಯ ಹಾಗೆ ಒಳಗೆ ಟೊಳ್ಳು ಇಲ್ಲ. ಪ್ರತಿಯೊಬ್ಬರಿಗೂ ಹೊಸ ಪ್ಯಾಕೆಟ್, ಅವರ ಕಣ್ಣ ಮುಂದೆಯೇ ಹರಿಯುತ್ತೇನೆ. ನಡ ನೋವಿಗೆ ಬೋರಲು ಮಲಗಿಸಿ, ಹೊಟ್ಟೆ ಕೆಳಗೆ ದಿಂಬು ಕೊಟ್ಟು, ಬೆನ್ನುಮೂಳೆಯ ಎರಡೂ ಪಕ್ಕ ಸೊಂಟದ ಮಟ್ಟದಲ್ಲಿ, ಕುಂಡೆಯ ನಡುವೆ, ಮತ್ತೆ ಮೊಳಕಾಲಿನ ಹಿಂದೆ ಮಡಚುವ ಗೆರೆಯ ಮಧ್ಯದಲ್ಲಿ ಚುಚ್ಚುತ್ತೇನೆ. ಈ ಕೊನೆಯದಕ್ಕೆ ವೇಯ್‌ಜುಂಗ್ ಅನ್ನುತ್ತಾರೆ, ಸೊಂಟ ನೋವಿಗೆ ಚೀನೀ ವೈದ್ಯರು ಬಹಳ ಹಿಂದಿನಿಂದ ನಂಬಿದ ಜಾಗ. ನಳಿಗೆಯಲ್ಲಿ ಸೂಜಿ ಇಟ್ಟು ಬೆರಳಿಂದ ಒಮ್ಮೆ ತಟ್ಟಿದರೆ ಚರ್ಮ ದಾಟುತ್ತದೆ, ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಆಮೇಲೆ ನಿಧಾನ ಒಳಗೆ ಇಳಿಸುತ್ತಾ ಸಣ್ಣಗೆ ತಿರುಗಿಸುತ್ತೇನೆ. ಒಂದು ಆಳದಲ್ಲಿ ಸ್ನಾಯು ಸೂಜಿಯನ್ನು ಹಿಡಿದುಕೊಳ್ಳುತ್ತದೆ, ಅದು ನನ್ನ ಬೆರಳಿಗೆ ತಿಳಿಯುತ್ತದೆ, ಅದೇ ಹೊತ್ತಿಗೆ ಮಲಗಿದವರು "ಝುಂ ಅಂತದ್ರಿ, ಭಾರ ಆದಂಗ ಆತು" ಅನ್ನುತ್ತಾರೆ. ಅಲ್ಲಿಗೆ ನಿಲ್ಲಿಸಿ, ಇಪ್ಪತ್ತು-ಇಪ್ಪತ್ತೈದು ನಿಮಿಷ ಬಿಡುತ್ತೇನೆ. ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ಮೊದಲು ಏನಾದರೂ ತಿಂದು ಬನ್ನಿ ಅನ್ನುತ್ತೇನೆ, ತಲೆ ಸುತ್ತಿ ಬರಬಹುದು. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು, ಬಸುರಿಯರು ಮೊದಲೇ ಹೇಳಬೇಕು. ಎದೆ, ಬೆನ್ನಿನ ಮೇಲ್ಭಾಗದಲ್ಲಿ ಆಳಕ್ಕೆ ಚುಚ್ಚುವುದು ಅಪಾಯ, ಕೆಳಗೇ ಶ್ವಾಸಕೋಶ ಇದೆ.

ಇದು ಹೇಗೆ ಕೆಲಸ ಮಾಡುತ್ತದೆ? ಸೂಜಿ ನರಗಳನ್ನು ಎಚ್ಚರಿಸುತ್ತದೆ, ಮೆದುಳು ಮತ್ತು ಬೆನ್ನುಹುರಿಯಲ್ಲಿ ಎಂಡಾರ್ಫಿನ್‌ನಂಥ ನೋವು ತಗ್ಗಿಸುವ ವಸ್ತುಗಳು ಬಿಡುಗಡೆಯಾಗುತ್ತವೆ. 1970ರ ದಶಕದ ಪ್ರಯೋಗಗಳಲ್ಲಿ, ಇಂಥ ವಸ್ತುಗಳನ್ನು ತಡೆಯುವ ನಾಲೋಕ್ಸೋನ್ ಕೊಟ್ಟಾಗ ಸೂಜಿಯ ಪರಿಣಾಮ ಕಡಿಮೆಯಾಗಿದ್ದು ಕಂಡಿತ್ತು. ಇನ್ನೊಂದು ಕಡೆಯನ್ನೂ ಹೇಳಬೇಕು. 2007ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ ಹಳೆಯ ಸೊಂಟ ನೋವಿನ 1,162 ಜನರನ್ನು ಮೂರು ಗುಂಪು ಮಾಡಿದ್ದರು. ಚೀನೀ ಪದ್ಧತಿ ಹೇಳುವ ಜಾಗಗಳಿಗೆ, ಅಂದರೆ ಸರಿಯಾದ ಬಿಂದುಗಳಿಗೆ, ಚುಚ್ಚಿಸಿಕೊಂಡವರಲ್ಲಿ ಶೇ. 47.6 ಮಂದಿಗೆ ಗುಣ ಕಂಡಿತು. ಬಿಂದುವಲ್ಲದ ಕಡೆ ಆಳಕ್ಕಿಳಿಸದೆ ಚುಚ್ಚಿಸಿಕೊಂಡವರಲ್ಲೂ ಶೇ. 44.2. ಮಾಮೂಲಿ ಮಾತ್ರೆ-ವ್ಯಾಯಾಮದವರಲ್ಲಿ ಶೇ. 27.4. ಅಂದರೆ ಚುಚ್ಚಿಸಿಕೊಂಡವರಿಗೆ ಲಾಭ ಇದೆ, ಆದರೆ ಬಿಂದು ಕೂದಲೆಳೆ ತಪ್ಪಬಾರದು ಅನ್ನುವ ಮಾತಿಗೆ ಅಲ್ಲಿ ಆಧಾರ ಸಿಗಲಿಲ್ಲ. ಯಾವ ಚಿಕಿತ್ಸೆ ಕೊಡಬೇಕು ಅಂತ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2016ರಲ್ಲಿ ಸೊಂಟ ನೋವಿಗೆ ಅಕ್ಯುಪಂಕ್ಚರ್ ಬೇಡ ಅಂದಿತು, ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಹಳೆಯ ಸೊಂಟ ನೋವಿಗೆ ಕೊಡಬಹುದಾದ ಚಿಕಿತ್ಸೆಗಳಲ್ಲಿ ಅದನ್ನೂ ಸೇರಿಸಿತು. ಇದೇ ಮಾರ್ಗಸೂಚಿ ಸೊಂಟದ ಬೆಲ್ಟು, ಟ್ರ್ಯಾಕ್ಷನ್ (ಬೆನ್ನನ್ನು ಎಳೆದು ಹಿಗ್ಗಿಸುವುದು), ಅಲ್ಟ್ರಾಸೌಂಡ್ ಶಾಖ ಇವನ್ನು ಬೇಡ ಅಂದಿದೆ. ನಮ್ಮ ಕಡೆ ಮನೆಗೊಂದು ಬೆಲ್ಟು ಇದೆ. ವರ್ಷಗಟ್ಟಲೆ ಕಟ್ಟಿಕೊಂಡವರನ್ನು ಮೆಲ್ಲಗೆ ಬಿಡಿಸುವುದೇ ನನಗೆ ಒಂದು ಕೆಲಸ.

ಸೂಜಿ ತೆಗೆದ ಮೇಲೆ ಯಾರನ್ನೂ ನಾನು ಸೀದಾ ಮನೆಗೆ ಕಳಿಸುವುದಿಲ್ಲ. ನೋವು ಕಾಲಿಗೆ ಇಳಿದಿರುವವರಲ್ಲಿ ಹೆಚ್ಚಿನವರಿಗೆ ಬೋರಲು ಮಲಗಿ ಮೊಳಕೈ ಊರಿ ಎದೆ ಎತ್ತಲು ಹೇಳುತ್ತೇನೆ. ಆಗ ಒಂದು ವಿಚಿತ್ರ ಆಗುತ್ತದೆ. ಮೀನಖಂಡದ ನೋವು ತೊಡೆಗೆ, ತೊಡೆಯದು ಸೊಂಟಕ್ಕೆ ಏರುತ್ತದೆ. "ಅಯ್ಯ, ನಡ ಜಾಸ್ತಿ ಆತಲ್ರಿ" ಅಂತ ಗಾಬರಿಯಾಗುತ್ತಾರೆ. ನನಗೆ ಮಾತ್ರ ಅದು ಒಳ್ಳೆಯ ಸುದ್ದಿ, ನೋವು ಕಾಲು ಬಿಟ್ಟು ನಡುವಿಗೆ ಬಂದರೆ ನರ ಸಡಿಲವಾಗುತ್ತಿದೆ ಅಂತ ಅರ್ಥ. ಉಲ್ಟಾ, ನೋವು ಇನ್ನೂ ಕೆಳಗೆ ಇಳಿದರೆ ಆ ವ್ಯಾಯಾಮ ಅವರಿಗಲ್ಲ, ತಕ್ಷಣ ನಿಲ್ಲಿಸುತ್ತೇನೆ. ಯೂಟ್ಯೂಬ್ ನೋಡಿ ಎಲ್ಲರೂ ಒಂದೇ ವ್ಯಾಯಾಮ ಮಾಡುವುದು ಇದಕ್ಕೇ ಬೇಡ ಅನ್ನುವುದು. ಕಾಲಿಗೆ ಇಳಿಯದ ಬರೀ ಸೊಂಟ ನೋವಿಗೆ ಅಂಗಾತ ಮಲಗಿ ಕುಂಡೆ ಎತ್ತುವುದು, ಅಂಬೆಗಾಲಿನಲ್ಲಿ ನಿಂತು ಎದುರುಬದುರಿನ ಕೈಕಾಲು ಚಾಚುವುದು, ಮತ್ತೆ ನಡಿಗೆ. ಮಂಚ ಹಿಡಿದು ಮಲಗುವುದಂತೂ ಬೇಡವೇ ಬೇಡ. ಎರಡು ದಿನ ಮಲಗಿದವರೂ ಏಳು ದಿನ ಮಲಗಿದವರೂ ಒಂದೇ ರೀತಿ ಗುಣವಾದರು ಅಂತ 1986ರಲ್ಲೇ ಅಮೆರಿಕದ ಒಂದು ಅಧ್ಯಯನ ತೋರಿಸಿತ್ತು, ಎರಡು ದಿನದವರು ಮಾತ್ರ ಬೇಗ ಕೆಲಸಕ್ಕೆ ಹೋಗಿದ್ದರು.

ಮೊಳಕಾಲಿನ ಕಥೆ ಬೇರೆ. ಅಲ್ಲಿ ಸೂಜಿಗಿಂತ ತೊಡೆಯ ಬಲವೇ ದೊಡ್ಡದು. ಆಷಾಢದ ವಾರಿಗೆ ಪಂಢರಪುರಕ್ಕೆ ನಡೆದೇ ಹೋಗಬೇಕು ಅಂತ ಹಟ ಹಿಡಿದ ಅಜ್ಜಿಯೊಬ್ಬರು ಬರುತ್ತಿದ್ದರು. ಚಿಪ್ಪಿನ ಕೆಳಗೆ ಎರಡೂ ಪಕ್ಕದ ಕುಳಿಗಳಿಗೆ ಸೂಜಿ ಹಾಕುತ್ತಿದ್ದೆ, ಆದರೆ ಅದಕ್ಕಿಂತ ಜಾಸ್ತಿ ಕೆಲಸ ಮಾಡಿಸಿದ್ದು ಟವೆಲ್ ಸುರುಳಿಯಿಂದ. ಅದನ್ನು ಮೊಳಕಾಲ ಕೆಳಗಿಟ್ಟು ಒತ್ತಿ ಹಿಡಿಯಬೇಕು, ಬಿಡಬೇಕು. ಆಮೇಲೆ ಕುರ್ಚಿಯಿಂದ ಕೈ ಊರದೆ ಏಳುವುದು. ಮಗನಿಗೆ ಹೇಳಿ ಒಲೆಯನ್ನು ಕಟ್ಟೆಯ ಮೇಲೆ ಏರಿಸಿದೆವು, ನಿಂತು ರೊಟ್ಟಿ ಬಡಿಯಲು ಅವರು ಮೊದಲು ಒಪ್ಪಲಿಲ್ಲ, "ನಿಂತ್ರ ರೊಟ್ಟಿಗೆ ಕೈ ಕುಂದ್ರೂದಿಲ್ಲಪ್ಪಾ" ಅಂದರು. ಸೊಸೆ ಮುಂದೆ ನಿಂತು ಬಡಿದು ತೋರಿಸಿದ ಮೇಲೆ ರೂಢಿಯಾಯಿತು. ತೂಕ ಜಾಸ್ತಿ ಇರುವವರಿಗೆ ಒಂದು ಲೆಕ್ಕ ಹೇಳುತ್ತೇನೆ: ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮೊಳಕಾಲ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಕಡಿಮೆಯಾಗುತ್ತದೆ.

ಸೊಲ್ಲಾಪುರದ ಪವರ್‌ಲೂಮ್‌ನಲ್ಲಿ ದುಡಿಯುವವರೂ ಬರುತ್ತಾರೆ. ಅವರದ್ದು ನಿಂತೇ ಇರುವ ಕೆಲಸ, ಎಳೆ ಹರಿದಾಗಲೆಲ್ಲ ಮಗ್ಗದ ಮೇಲೆ ಬಾಗಿ ಗಂಟು ಹಾಕುವುದು. ಒಂದು ಕಾಲನ್ನು ಗೇಣೆತ್ತರದ ಕಲ್ಲಿನ ಮೇಲಿಟ್ಟು ಆಗಾಗ ಬದಲಿಸಿ ಅನ್ನುತ್ತೇನೆ, ಅಷ್ಟಕ್ಕೇ ಎಷ್ಟೋ ಹಗುರ ಅನ್ನುತ್ತಾರೆ.

ಒಂದು ವಿಷಯಕ್ಕೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಸಂತೆಯಲ್ಲಿ, ಜಾತ್ರೆಯಲ್ಲಿ ಮಾರುವ ಹೆಸರಿಲ್ಲದ ಪುಡಿ, ಗುಳಿಗೆ. "ಗಿಡಮೂಲಿಕೆ" ಅಂತ ಮಾರುವ ಇಂಥ ಕೆಲವದರಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆ. ತಿಂದ ಮರುದಿನವೇ ನೋವು ಮಾಯ, ಮೂರು ತಿಂಗಳಿಗೆ ಮುಖ ಊದಿಕೊಳ್ಳುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಹಾಗಂತ ಒಮ್ಮೆಲೇ ನಿಲ್ಲಿಸುವುದೂ ಅಪಾಯ, ವೈದ್ಯರಿಗೆ ತೋರಿಸಿಯೇ ಬಿಡಬೇಕು. ದಿನಾ ನೋವಿನ ಮಾತ್ರೆ ನುಂಗುವವರು ಕಿಡ್ನಿ, ಬಿಪಿ ಪರೀಕ್ಷೆ ಮಾಡಿಸಿ.

ಅಕ್ಯುಪಂಕ್ಚರ್ ಮಾಡಿಸುವುದಾದರೆ, ಮಹಾರಾಷ್ಟ್ರದಲ್ಲಿ ಅದಕ್ಕೆ ಪ್ರತ್ಯೇಕ ಕಾಯ್ದೆ ಇದೆ, ಕೌನ್ಸಿಲ್ ಇದೆ, ಕೇಂದ್ರ ಸರ್ಕಾರವೂ 2019ರಲ್ಲಿ ಮಾನ್ಯತೆ ಕೊಟ್ಟಿದೆ. ನೋಂದಣಿ ಸಂಖ್ಯೆ ಕೇಳಿ, ಕೇಳುವುದರಲ್ಲಿ ಸಂಕೋಚ ಏನೂ ಇಲ್ಲ. ಸೂಜಿ ಹೊಸದೇ ಅಂತ ನೋಡಿ. ಐದಾರು ಸಲ ಆದರೂ ಏನೂ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ, ನಾನೂ ಅಲ್ಲಿಗೆ ನಿಲ್ಲಿಸಿ ಮತ್ತೆ ಮೊದಲಿನಿಂದ ಪರೀಕ್ಷೆ ಮಾಡುತ್ತೇನೆ. ಇನ್ನು ಈ ಸಲ ಜೋಳ ಕೀಳಲು ಹೋಗುವವರು ಸೊಂಟ ಒಂದೇ ಬಗ್ಗಿಸದೆ ಮೊಳಕಾಲು ಸ್ವಲ್ಪ ಮಡಚಿ ಎಳೆಯಿರಿ, ಒಂದು ಸಾಲು ಮುಗಿದಾಗ ನಡದ ಮೇಲೆ ಕೈಯಿಟ್ಟು ನಾಲ್ಕೈದು ಸಲ ಹಿಂದಕ್ಕೆ ಬಾಗಿ, ಮೊದಲ ದಿನವೇ ಇಡೀ ದಿನದ ಕೂಲಿಗೆ ಹೋಗದೆ ಅರ್ಧ ದಿನದಿಂದ ಶುರು ಮಾಡಿ.