ಹಸಿ ಕಸ ಬೇರೆ ಇಡಲು ಜನ ಒಪ್ಪಿದ್ದು ಹೇಗೆ: ನನ್ನ ಅನುಭವ

ಕಸ ಬೇರೆ ಇಡಿ ಎಂದು ಹೇಳಲು ಬಾಗಿಲಿಗೆ ಹೋಗುವ ಸಿಬ್ಬಂದಿ ಆ ಬೀದಿಯ ಜನರಂತೆಯೇ ಇದ್ದರೆ ಕೆಲಸ ಆಗುತ್ತದೆ ಎಂದು ನಾನು ಅಂದಾಗ ಕಚೇರಿಯಲ್ಲಿ ಯಾರೂ ನಂಬಲಿಲ್ಲ. "ದಂಡ ಹಾಕಿ, ಸರಿಹೋಗ್ತಾರೆ" ಅಂದರು. ಈಗ ಅವರೇ ಬಂದು ನಮ್ಮ ತಂಡ ಕಟ್ಟಿದ್ದು ಹೇಗೆ ಎಂದು ಕೇಳುತ್ತಿದ್ದಾರೆ.

ಮೊದಲು ದುಡ್ಡಿನ ಲೆಕ್ಕ. ಪ್ರಚಾರದ ಹಣದ ಮುಕ್ಕಾಲು ಪಾಲು ಕರಪತ್ರ, ಫ್ಲೆಕ್ಸ್, ಬಣ್ಣದ ಡಬ್ಬಿಗಳಿಗೇ ಹೋಯಿತು. ಡಬ್ಬಿಗಳಲ್ಲಿ ಜನ ನೀರು ತುಂಬಿಟ್ಟುಕೊಂಡರು. ದಂಡ ಹಾಕಿದ ಬೀದಿಗಳ ಕಸ ರಾತ್ರೋರಾತ್ರಿ ಖಾಲಿ ಸೈಟಿಗೆ ಬಿತ್ತು. ಅದನ್ನು ಎತ್ತಿಸುವ ಖರ್ಚು ವಸೂಲಾದ ದಂಡಕ್ಕಿಂತ ಜಾಸ್ತಿ.

ರಿಕುಚ್ಚಿ, ವ್ಯಾನ್ ರೈಜಿನ್ ಮತ್ತು ಲೀ ಎಂಬ ಸಂಶೋಧಕರು 2016ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜನರಿಗೆ ಕಸ ಮರುಬಳಕೆಯ ಒಂದು ಪ್ರಕಟಣೆ ತೋರಿಸಿ, ಸಹಕರಿಸುತ್ತೀರಾ ಎಂದು ಕೇಳಿದರು. ಅದರಲ್ಲಿ ಮಹಿಳಾ ಅಧಿಕಾರಿಗಳ ಹೆಸರಿದ್ದಾಗ ಸಹಕರಿಸಲು ಮಹಿಳೆಯರ ಒಪ್ಪಿಗೆ ಹೆಚ್ಚಿತು. ಅಡುಗೆಮನೆ ಕಸವನ್ನು ಗೊಬ್ಬರಕ್ಕೆ ಕೊಡುವ ಕಷ್ಟದ ಕೆಲಸದಲ್ಲಿ ಅದು ಚೆನ್ನಾಗಿ ಕಂಡಿತು. ನಾನೂ ಕರಪತ್ರದಲ್ಲಿ ಹೆಸರು ಬದಲಿಸಿ ನೋಡಿದೆ. ಏನೂ ಆಗಲಿಲ್ಲ. ಸುಮ್ನೆ ಹೆಸರು ನೋಡಿ ಯಾರು ತಾನೇ ಕಸ ಬೇರ್ಪಡಿಸುತ್ತಾರೆ?

ಆಮೇಲೆ ಹೆಂಗಸರ ತಂಡ ಕಟ್ಟಿದೆ. ಬೇರೆ ಭಾಷೆಯವರ ಓಣಿಗಳಿಗೆ ಅದೇ ಭಾಷೆಯವರನ್ನು ಕಳಿಸಿದೆ. ಶುರುವಿನಲ್ಲಿ ಚೆನ್ನಾಗಿತ್ತು, ಆಮೇಲೆ ಕುಸಿಯಿತು. ಕಾರಣ ಲಾರಿ. ಬೇರ್ಪಡಿಸಿ ಕೊಟ್ಟದ್ದನ್ನೆಲ್ಲ ಒಂದೇ ಕಡೆ ಸುರಿಯುತ್ತಿತ್ತು. ಜನ ಕೇಳಿದರೆ ನಮ್ಮವರು "ಮೇಲಿನವರಿಗೆ ಹೇಳ್ತೀವಿ" ಅನ್ನಬೇಕಿತ್ತು. "ನಿಮ್ಮ ಕೈಲಿ ಏನೂ ಇಲ್ವಲ್ಲ ತಾಯಿ" ಅಂದರು ಜನ.

ಅಲ್ಲಿಂದ ನಾನು ಹಟ ಹಿಡಿದೆ. ಲಾರಿ ತಡೆಯುವ, ಬರುವ ಹೊತ್ತು ಬದಲಿಸುವ, ದೂರು ಮುಗಿಸುವ ಅಧಿಕಾರ ಈ ಹೆಂಗಸರಿಗೇ ಸಿಗಬೇಕೆಂದೆ. ಮೇಲ್ವಿಚಾರಕರು ಮುನಿಸಿಕೊಂಡರು. ಕೂಲಿಯೂ ಏರಿತು. ಫ್ಲೆಕ್ಸ್ ನಿಲ್ಲಿಸಿ ಆ ಹಣ ಹೊಂದಿಸಿದೆ. ಹತ್ತರಲ್ಲಿ ಮೂರು ಮನೆ ಹಸಿ ಕಸ ಬೇರೆ ಕೊಡುತ್ತಿದ್ದ ಕಡೆ ಈಗ ಏಳರ ಆಸುಪಾಸು ಕೊಡುತ್ತಿವೆ. ಇಷ್ಟು ಬೇರೆ ಯಾವ ತಂಡವೂ ತಂದಿಲ್ಲ, ಧೈರ್ಯವಾಗಿ ಹೇಳುತ್ತೇನೆ.

ನಡುವೆ ಒಂದು ಪಕ್ಕದ ಪ್ರಯೋಗ. ಅಷ್ಟೇ ಅಧಿಕಾರ ಕೊಟ್ಟು ಗಂಡಸರ ತಂಡವನ್ನೂ ಕಳಿಸಿದೆ. ಒಣ ಕಸದಲ್ಲಿ ವ್ಯತ್ಯಾಸವೇ ಇಲ್ಲ. ಹಸಿ ಕಸದಲ್ಲಿ ಹೆಂಗಸರ ತಂಡ ಮುಂದೆ, ಬೇರೆ ಭಾಷೆಯ ಓಣಿಗಳಲ್ಲಂತೂ ತುಂಬಾ ಮುಂದೆ. ಸಮವಸ್ತ್ರ ತೆಗೆಸಿಯೂ ನೋಡಿದೆ, ಕೆಟ್ಟಿತು. ತಮ್ಮವರು ಬೇಕು ನಿಜ, ಆದರೆ ಕಚೇರಿಯ ಪರವಾಗಿ ಬಂದವರೂ ಆಗಿರಬೇಕು ಅಲ್ವಾ?

ಆಯ್ಕೆ ಮಾಡುವಾಗ ಕೇಳುವ ಒಂದು ಪ್ರಶ್ನೆ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಗೊತ್ತಾದರೆ ಉತ್ತರ ಉರು ಹೊಡೆದು ಬರುತ್ತಾರೆ. ಶುರು ಮಾಡುವವರು ಅಧಿಕಾರದ ಆದೇಶವನ್ನು ಮೊದಲು ಬರವಣಿಗೆಯಲ್ಲಿ ಪಡೆಯಿರಿ, ಆಮೇಲೆ ತಂಡವನ್ನು ಬೀದಿಗೆ ಇಳಿಸಿ.