ಈಜುಕೊಳ ಕಟ್ಟಿಸ್ತೀರಾ? ಜಾಗವನ್ನು ಮಳೆಗಾಲದಲ್ಲಿ ನೋಡಿ
ಕರಾವಳಿ, ಮಲೆನಾಡಿನ ಕಡೆ ಮನೆಗೋ ಹೋಮ್‌ಸ್ಟೇಗೋ ಈಜುಕೊಳ ಮಾಡಿಸುವವರಿಗೆ ಒಂದು ಮಾತು. ಟೈಲ್ಸ್, ಲೈಟು ಆಮೇಲೆ. ಜಾಗ ನೋಡುವುದು ಜುಲೈನಲ್ಲಿ ಆಗಲಿ, ಏಪ್ರಿಲ್‌ನಲ್ಲಿ ಎಲ್ಲ ಜಾಗವೂ ಚೆನ್ನಾಗಿಯೇ ಕಾಣುತ್ತದೆ. ಜೋರು ಮಳೆಯಲ್ಲಿ ಪಕ್ಕದ ಬಾವಿ ಇಣುಕಿ. ನೀರು ನೆಲಮಟ್ಟದ ಹತ್ತಿರ ಬಂದಿದೆಯಾ? ಹಾಗಿದ್ದರೆ ಕ್ಲೀನ್ ಮಾಡಲು ಕೊಳ ಖಾಲಿ ಮಾಡಿದಾಗ ಅಡಿಯ ನೀರು ಇಡೀ ತೊಟ್ಟಿಯನ್ನೇ ದೋಣಿಯಂತೆ ಮೇಲೆತ್ತಬಹುದು. ತಳದಲ್ಲಿ ಪ್ರೆಶರ್ ರಿಲೀಫ್ ವಾಲ್ವ್ (ಅಡಿಯ ನೀರಿನ ಒತ್ತಡ ಹೆಚ್ಚಾದರೆ ತಾನೇ ತೆರೆದುಕೊಳ್ಳುವ ಕವಾಟ), ಸುತ್ತ ಜಲ್ಲಿ ತುಂಬಿದ ಡ್ರೈನ್ ಪೈಪ್ ಪ್ಲಾನಿನಲ್ಲೇ ಇರಲಿ.

8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಕೊಳಕ್ಕೆ ಸುಮಾರು 45,000 ಲೀಟರ್ ನೀರು ಬೇಕು. ಅಂದರೆ ನೀರಿನ ಭಾರವೇ 45 ಟನ್. ಇಳಿಜಾರಿನಲ್ಲಿ ಮಣ್ಣು ತುಂಬಿ ಮಟ್ಟ ಮಾಡಿದ ಜಾಗ ಬೇಡವೇ ಬೇಡ. ಒದ್ದೆಯಾದರೆ ಉಬ್ಬಿ ಒಣಗಿದರೆ ಬಿರುಕು ಬಿಡುವ ಎರೆಮಣ್ಣಿನ ಊರಾದರೆ ಮಣ್ಣು ಪರೀಕ್ಷೆ ಮಾಡಿಸದೆ ಗುದ್ದಲಿ ಮುಟ್ಟಬೇಡಿ.

ಬೋರ್‌ವೆಲ್ ನೀರು ತುಂಬಿಸುವವರು ಮೊದಲು ಒಂದು ಬಕೆಟ್ ನೀರಿಗೆ ಚೂರು ಬ್ಲೀಚಿಂಗ್ ಪೌಡರ್ ಹಾಕಿ ನೋಡಿ. ಕಂದು ಬಣ್ಣಕ್ಕೆ ತಿರುಗಿದರೆ ಕಬ್ಬಿಣದ ಅಂಶ ಇರುವ ಸಾಧ್ಯತೆ ಜಾಸ್ತಿ, ಕ್ಲೋರಿನ್ ಹಾಕಿದಾಗ ಕೊಳದ ನೀರೂ ಹೀಗೇ ಆದೀತು, ಲ್ಯಾಬಿನಲ್ಲಿ ಖಚಿತ ಮಾಡಿಕೊಳ್ಳಿ.

ಮಾವಿನ ಮರದ ನೆರಳು ಚಂದ, ನಿಜ. ಆದರೆ ದಿನಾ ಎಲೆ ಹೆಕ್ಕುವವರು ಯಾರು? ಫಿಲ್ಟರ್ ತೊಳೆದ ಕ್ಲೋರಿನ್ ನೀರು ಬಾವಿ ಕಡೆಗೆ ಹರಿಯದಂತೆ ದಾರಿಯನ್ನೂ ಈಗಲೇ ಗುರುತು ಮಾಡಿಡಿ.