ಹುಣಸೆ ಬೀಜದ ಅಂಟು, ಕೆನ್ನೆಯೊಳಗಿನ ಮಾತ್ರೆ

ಬಿಪಿಗೆ ಕೊಡುವ ಪ್ರೊಪ್ರನೊಲಾಲ್ ನುಂಗಿದರೆ ಮೊದಲು ಲಿವರ್‌ಗೆ ಹೋಗುತ್ತದೆ. ಬಹುಪಾಲು ಅಲ್ಲೇ ಒಡೆದು, ರಕ್ತಕ್ಕೆ ಸಿಗುವುದು ಸುಮಾರು ಶೇ. 25 ಮಾತ್ರ. ಕೆನ್ನೆಯ ಒಳಪೊರೆ ಹೀರಿದರೆ ಔಷಧ ನೇರ ರಕ್ತ ಸೇರುತ್ತದೆ. ಆದರೆ ಎಂಜಲು ಸುರಿಯುತ್ತಲೇ ಇರುವ ಜಾಗದಲ್ಲಿ ಮಾತ್ರೆ ಗಂಟೆಗಟ್ಟಲೆ ಕೂರಬೇಕು. ಎಂ.ಫಾರ್ಮ್ (ಔಷಧ ವಿಜ್ಞಾನದ ಸ್ನಾತಕೋತ್ತರ ಪದವಿ) ಪ್ರಾಜೆಕ್ಟ್‌ಗೆ ನಾನು ಹಿಡಿದದ್ದು ಇದನ್ನೇ: ಕೆನ್ನೆಯೊಳಗೆ ಅಂಟಿ ಕೂರುವ ಮಾತ್ರೆ.

ಅಂಟಿಗೆ ಹುಣಸೆ ಬೀಜ ಆರಿಸಿಕೊಂಡೆ. ತುಮಕೂರಿನಲ್ಲಿ ಅದಕ್ಕೇನು ಕೊರತೆ? ಹಣ್ಣು ಬಿಡಿಸುವ ಮನೆಗಳಲ್ಲಿ ಕೇಳಿದಷ್ಟು ಸಿಗುತ್ತದೆ. ಬೀಜವನ್ನು ಹದವಾಗಿ ಹುರಿದರೆ ಕೆಂಪು ಸಿಪ್ಪೆ ಬಿಡುತ್ತದೆ. ಜಾಸ್ತಿ ಹುರಿದರೆ ತಿರುಳು ಕಂದುತ್ತದೆ. ಬಿಳಿ ತಿರುಳನ್ನು ಪುಡಿ ಮಾಡಿ, ತಣ್ಣೀರಲ್ಲಿ ಕದಡಿ, ಆಮೇಲೆ ಕುದಿಯುವ ನೀರಿಗೆ ಹಾಕಬೇಕು. ನೇರವಾಗಿ ಬಿಸಿನೀರಿಗೆ ಸುರಿದರೆ ಗಂಟು ಕಟ್ಟುತ್ತದೆ. ರಾತ್ರಿಯಿಡೀ ಬಿಟ್ಟರೆ ನಾರು, ಪ್ರೋಟೀನು ತಳ ಸೇರುತ್ತವೆ. ಮೇಲಿನ ತಿಳಿಗೆ ಅಸಿಟೋನ್ ಬೆರೆಸಿದರೆ ಅಂಟು ಹಿಂಜಿದ ಹತ್ತಿಯಂತೆ ತೇಲುತ್ತದೆ. ಹಿಂಡಿ, ಕಡಿಮೆ ಉರಿಯ ಓವನ್‌ನಲ್ಲಿ ಒಣಗಿಸಿ, ಜರಡಿ ಹಿಡಿದೆ.

ಈ ಅಂಟು ಒಂದೇ ಸಾಲದು. ನೀರು ಕುಡಿದು ಚೆನ್ನಾಗಿ ಉಬ್ಬುತ್ತದೆ, ಔಷಧವನ್ನು ನಿಧಾನವಾಗಿ ಬಿಡುತ್ತದೆ. ಆದರೆ ಉಬ್ಬು ಮಿತಿ ಮೀರಿದರೆ ಮೇಲ್ಮೈ ಲೋಳೆಯಾಗಿ ಮಾತ್ರೆಯೇ ಜಾರುತ್ತದೆ. ಅದಕ್ಕೆ ಕಾರ್ಬೊಪಾಲ್ ಎಂಬ ಕೃತಕ ಪಾಲಿಮರ್ ಸೇರಿಸಿದೆ. ಅದರ ಕಾರ್ಬಾಕ್ಸಿಲ್ ಗುಂಪುಗಳು ಕೆನ್ನೆಯ ಲೋಳೆಯಲ್ಲಿರುವ ಮ್ಯೂಸಿನ್ ಎಂಬ ಪ್ರೋಟೀನಿನ ಜೊತೆ ಹೈಡ್ರೋಜನ್ ಬಂಧ ಕಟ್ಟುತ್ತವೆ, ಹಿಡಿತ ಬಿಗಿಯಾಗುತ್ತದೆ. ಆದರೆ ಕಾರ್ಬೊಪಾಲ್ ಆಮ್ಲ. ಜಾಸ್ತಿಯಾದರೆ ಬಾಯಿ ಉರಿಯುತ್ತದೆ. ಹಾಗಾಗಿ ನೆನೆಸಿದ ಮಾತ್ರೆಯ ಮೇಲ್ಮೈ ಪಿಎಚ್ (ಆಮ್ಲತೆಯ ಅಳತೆ) ನೋಡದೆ ನಾನು ಯಾವ ಮಿಶ್ರಣವನ್ನೂ ಮುಂದಕ್ಕೆ ಒಯ್ಯಲಿಲ್ಲ. ಹಿಂಬದಿಗೆ ನೀರಿನಲ್ಲಿ ಕರಗದ ಈಥೈಲ್ ಸೆಲ್ಯುಲೋಸ್ ಪದರ ಒತ್ತಿದೆ. ಅದರಿಂದ ಔಷಧ ಎಂಜಲಿಗೆ ಸೋರದೆ ಕೆನ್ನೆಯ ಕಡೆಗೇ ಇಳಿಯುತ್ತದೆ.

ಮಾತ್ರೆ ಎಷ್ಟು ಬಿಗಿಯಾಗಿ ಅಂಟುತ್ತದೆ ಎಂದು ಅಳೆಯಲು ಮೇಕೆಯ ಕೆನ್ನೆಯ ಒಳಪೊರೆ ಬೇಕು. ಮಟನ್ ಅಂಗಡಿಯಣ್ಣನಿಗೆ ಹಿಂದಿನ ದಿನವೇ ಹೇಳಿಡುತ್ತಿದ್ದೆ. "ಔಷಧಿಗಾ ಮೇಡಂ? ಬೆಳಿಗ್ಗೆ ಬೇಗ ಬನ್ನಿ" ಅನ್ನುತ್ತಿದ್ದರು. ಹಳಸಿದ ಪೊರೆಯಲ್ಲಿ ಬರುವ ಅಂಕಿ ನಂಬುವ ಹಾಗಿಲ್ಲ. ತಕ್ಕಡಿಯ ಒಂದು ಬದಿಗೆ ಮಾತ್ರೆ ಕಟ್ಟಿ ಪೊರೆಗೆ ಅಂಟಿಸಿ, ಇನ್ನೊಂದು ಬದಿಗೆ ಹನಿಹನಿ ನೀರು ಬಿಡುತ್ತೇವೆ. ಮಾತ್ರೆ ಕಿತ್ತು ಬಂದಾಗಿನ ನೀರಿನ ತೂಕವೇ ಅಂಟಿನ ಬಲ.

ಈ ಒಂದು ಅಂಕಿ ನನಗೆ ಸಾಕಾಗಲಿಲ್ಲ. ಒಣ ಮಾತ್ರೆ ಮೊದಲು ಯಾವತ್ತೂ ಬಿಗಿಯಾಗೇ ಹಿಡಿಯುತ್ತದೆ, ಅಲ್ವಾ? ಎಂಜಲಿನಂಥದ್ದೇ 6.8 ಪಿಎಚ್ ಇರುವ ಬಫರ್ ದ್ರಾವಣದಲ್ಲಿ ಎರಡು ಗಂಟೆ ನೆನೆದ ಮೇಲೂ ಹಿಡಿದಿದೆಯೇ ಎಂದು ನೋಡಿದೆ. ಹುಣಸೆ ಅಂಟು ಜಾಸ್ತಿ, ಕಾರ್ಬೊಪಾಲ್ ಕಡಿಮೆ ಇದ್ದ ಮಿಶ್ರಣ ಆಗಲೂ ಬಿಡಲಿಲ್ಲ. ಅದನ್ನೇ ಉಳಿಸಿಕೊಂಡೆ.